ಹಳೆಯ ಸ್ಪೀಡ್‌ಬೋಟ್ ಕೊಳ್ಳುವ ಮುನ್ನ: ಎಂಜಿನ್ನಿಗಿಂತ ಮೊದಲು ಮರ ನೋಡಿ

ಬೇಸಿಗೆ ಮುಗಿದು ಚಳಿ ಇಣುಕುವ ಹೊತ್ತಿಗೆ ಅಮೆರಿಕದ ಸರೋವರಗಳ ಸುತ್ತಲಿನ ಊರುಗಳಲ್ಲಿ ಟ್ರೇಲರ್ ಮೇಲೆ ಕುಳಿತ ದೋಣಿಗಳು ಮನೆಗಳ ಮುಂದೆ ಕಾಣಿಸಿಕೊಳ್ಳುತ್ತವೆ, ಗಾಜಿಗೆ ‘ಮಾರಾಟಕ್ಕಿದೆ’ ಎಂಬ ಚೀಟಿ ಅಂಟಿಸಿಕೊಂಡು. ಚಳಿಗಾಲವಿಡೀ ದೋಣಿಯನ್ನು ಕಾಪಾಡುವ ಖರ್ಚು ಬೇಡವೆನ್ನುವವರು ಆಗ ಬೆಲೆ ಇಳಿಸುತ್ತಾರೆ. ಮೂವತ್ತು ವರ್ಷ ಹಳೆಯ, ಉದ್ದ ಮೂತಿಯ, ವಿ-8 ಎಂಜಿನ್ನಿನ ಸ್ಪೀಡ್‌ಬೋಟ್ ಒಂದು ಹಳೇ ಕಾರಿನ ಬೆಲೆಗೆ ಸಿಗುವಂತೆ ಕಾಣುತ್ತದೆ. ಅಲ್ಲಿ ನೆಲೆಸಿದ ಕನ್ನಡಿಗರಲ್ಲಿ ಹಲವರಿಗೆ ಹಳೇ ಕಾರು ಕೊಂಡ ಅನುಭವ ಇರುತ್ತದೆ, ದೋಣಿ ಕೊಂಡದ್ದು ಇರುವುದಿಲ್ಲ. ಕಾರು ನೋಡುವ ಕಣ್ಣಿನಿಂದಲೇ ದೋಣಿಯನ್ನೂ ನೋಡಿದರೆ ತಪ್ಪುವುದು ಇಲ್ಲಿಯೇ. ಕಾರಿನಲ್ಲಿ ಮೊದಲು ಎಂಜಿನ್ ಕೇಳಿಸಿಕೊಳ್ಳುತ್ತೇವೆ, ಆಮೇಲೆ ಬಾಡಿ ನೋಡುತ್ತೇವೆ. ದೋಣಿಯಲ್ಲಿ ಈ ಕ್ರಮ ತಿರುಗಾಮುರುಗಾ ಆಗಬೇಕು. ಕೆಟ್ಟ ಎಂಜಿನ್ನನ್ನು ಒಂದು ವಾರಾಂತ್ಯದಲ್ಲಿ ಎತ್ತಿ ಬೇರೆಯದನ್ನು ಕೂರಿಸಬಹುದು. ಒಡಲೊಳಗಿನ ಮರ ಕೊಳೆತಿದ್ದರೆ ಅದಕ್ಕೆ ತಿಂಗಳುಗಟ್ಟಲೆ ಕೆಲಸ ಬೇಕು.

ಇದು ಯಾವ ಬಗೆಯ ದೋಣಿ?

ಸಾಮಾನ್ಯ ಮೋಟಾರು ದೋಣಿಯ ತಳ ಹಿಂಬದಿಗೆ ಬರಬರುತ್ತ ಚಪ್ಪಟೆಯಾಗುತ್ತದೆ. ಚಪ್ಪಟೆ ತಳ ಸುಲಭವಾಗಿ ನೀರಿನ ಮೇಲೆ ಏಳುತ್ತದೆ, ಆದರೆ ಅಲೆ ಬಂದಾಗ ತಟ್ಟೆಯನ್ನು ನೀರಿಗೆ ಬಡಿದಂತೆ ಬಡಿಯುತ್ತದೆ. ಅಮೆರಿಕದ ವಿನ್ಯಾಸಕಾರ ರೇಮಂಡ್ ಹಂಟ್ ಇದಕ್ಕೆ ಬೇರೆ ದಾರಿ ಹುಡುಕಿದರು. ತಳವನ್ನು ಮೂತಿಯಿಂದ ಹಿಂಬದಿಯವರೆಗೂ ಆಳವಾದ ‘ವಿ’ ಆಕಾರದಲ್ಲಿಯೇ ಉಳಿಸಿದರು. 1960ರಲ್ಲಿ ಮಯಾಮಿಯಿಂದ ನಸ್ಸೌಗೆ ನಡೆದ ಪಂದ್ಯದಲ್ಲಿ ಈ ತಳದ ‘ಮಾಪಿ’ ಎಂಬ ದೋಣಿ ಒರಟು ಸಮುದ್ರದಲ್ಲಿ ಗೆದ್ದಿತು. ಅಲ್ಲಿಂದ ಮುಂದೆ ವೇಗದ ದೋಣಿ ಎಂದರೆ ಆಳ-ವಿ ಎಂಬಂತಾಯಿತು. ಈಳಿಗೆಯ ಅಂಚು ತರಕಾರಿಯನ್ನು ಸೀಳುವ ಹಾಗೆ ಈ ತಳ ಅಲೆಯನ್ನು ಸೀಳಿಕೊಂಡು ಇಳಿಯುತ್ತದೆ, ಬಡಿಯುವುದಿಲ್ಲ.

ಈ ಬಗೆಯನ್ನು ಜನಪ್ರಿಯಗೊಳಿಸಿದವರಲ್ಲಿ ಡಾನ್ ಅರೊನೊ ಮುಖ್ಯರು. ಫಾರ್ಮುಲಾ, ಡಾಂಜಿ, ಮ್ಯಾಗ್ನಮ್, ಸಿಗರೆಟ್ ಎಂಬ ನಾಲ್ಕು ಹೆಸರುಗಳೂ ಉತ್ತರ ಮಯಾಮಿಯ ಒಂದೇ ಬೀದಿಯಲ್ಲಿ ಅವರ ಕೈಯಿಂದ ಬೆಳೆದವು. 1964ರಲ್ಲಿ ಶುರುವಾದ ಡಾಂಜಿಯ ‘22 ಕ್ಲಾಸಿಕ್’ ಮಾದರಿಯನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಸುಮಾರು 22 ಅಡಿ ಉದ್ದ, 7 ಅಡಿ ಅಗಲ. ತಳದ ಎರಡೂ ಬದಿ ಸಮತಲದಿಂದ 24 ಡಿಗ್ರಿ ಮೇಲಕ್ಕೆ ಏರಿರುತ್ತದೆ. ಮನೆಯ ಅಂಗಳದಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡದು ಬೇಡ. 30 ಅಡಿ ದಾಟಿದರೆ ಎರಡು ಎಂಜಿನ್, ಎರಡು ಡ್ರೈವ್, ಎಲ್ಲ ಖರ್ಚೂ ಎರಡರಷ್ಟು.

ಮೂರು ಹೆಸರು ತಿಳಿದಿರಲಿ

ದೋಣಿಯ ಹಿಂಬದಿಯಲ್ಲಿ ನೆಟ್ಟಗೆ ನಿಂತ ಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ಎರಡು ಪದರ ಫೈಬರ್‌ಗ್ಲಾಸ್ ನಡುವೆ ಪ್ಲೈವುಡ್ ಇಟ್ಟು ಮಾಡಿದ ಸ್ಯಾಂಡ್‌ವಿಚ್ ಅದು. ಒಳತಳದಲ್ಲಿ ಮೂತಿಯಿಂದ ಹಿಂಬದಿಯವರೆಗೆ ಓಡುವ ಉದ್ದ ತೊಲೆಗಳು ಸ್ಟ್ರಿಂಗರ್‌ಗಳು. ಇವೂ ಹೆಚ್ಚಾಗಿ ಫೈಬರ್ ಹೊದ್ದ ಮರವೇ. ಎಂಜಿನ್ ದೋಣಿಯ ಒಳಗೆ ಕುಳಿತು, ಟ್ರಾನ್ಸಮ್‌ನಲ್ಲಿ ಕೊರೆದ ದೊಡ್ಡ ಕಿಂಡಿಯ ಮೂಲಕ ಹೊರಗಿನ ಕಾಲಿಗೆ ಶಕ್ತಿ ಕೊಡುವ ಏರ್ಪಾಡೇ ಸ್ಟರ್ನ್‌ಡ್ರೈವ್. ಆ ಕಾಲನ್ನೇ ಚುಟುಕಾಗಿ ಡ್ರೈವ್ ಎನ್ನುವುದು. ಪ್ರೊಪೆಲರ್ ಇರುವುದು ಅದರ ತುದಿಯಲ್ಲಿ. ಕಾಲು ಎಡಬಲಕ್ಕೆ ತಿರುಗಿದರೆ ದೋಣಿ ತಿರುಗುತ್ತದೆ, ಮೇಲೆ ಕೆಳಗೆ ವಾಲಿದರೆ ಮೂತಿ ಏಳುತ್ತದೆ ಅಥವಾ ತಗ್ಗುತ್ತದೆ. ಈ ವಾಲಿಸುವಿಕೆಗೆ ಟ್ರಿಮ್ ಎನ್ನುತ್ತಾರೆ.

ದೋಣಿಯ ಎಂಜಿನ್, ಡ್ರೈವ್ ಮಾಡುವ ಮರ್ಕ್ರೂಸರ್ ಕಂಪನಿಯ ಏರ್ಪಾಡಿನಲ್ಲಿ ಎಂಜಿನ್ನಿನ ಮುಂದಿನ ಎರಡು ಪಾದ ಸ್ಟ್ರಿಂಗರ್‌ಗಳ ಮೇಲಿರುತ್ತದೆ, ಹಿಂದಿನ ಎರಡು ನೇರವಾಗಿ ಟ್ರಾನ್ಸಮ್‌ಗೆ ಬೋಲ್ಟ್ ಮಾಡಿದ ತಟ್ಟೆಯ ಮೇಲೆ. ಎಂದರೆ ಎಂಜಿನ್ನಿನ ಭಾರದ ಒಂದು ಪಾಲನ್ನೂ ಪ್ರೊಪೆಲರ್ ಇಡೀ ದೋಣಿಯನ್ನು ಮುಂದೆ ತಳ್ಳುವ ಒತ್ತಡವನ್ನೂ ಹೊರುವುದು ಆ ಎರಡಂಗುಲ ದಪ್ಪದ ಪ್ಲೈವುಡ್ ಗೋಡೆ. ಅದು ಮೆತ್ತಗಾದರೆ ಎಂಜಿನ್ ಮತ್ತು ಡ್ರೈವ್ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಗೆರೆ ತಪ್ಪಿದರೆ ಎರಡನ್ನೂ ಜೋಡಿಸುವ ಕಪ್ಲರ್‌ನ ಹಲ್ಲು ಸವೆಯುತ್ತದೆ, ಬೇರಿಂಗ್ ಕೂಗುತ್ತದೆ. ಡ್ರೈವ್ ರಿಪೇರಿ ಮಾಡಿಸಿದ ಮೇಲೂ ಅದೇ ಕಾಯಿಲೆ ಮರುಕಳಿಸುತ್ತಿದೆ ಎನ್ನುವ ಮಾರಾಟಗಾರರ ಮಾತು ಕೇಳಿದಾಗ ಟ್ರಾನ್ಸಮ್ ಮೇಲೆ ಅನುಮಾನ ಬರಬೇಕು.

ಮರ ಏಕೆ ಕೊಳೆಯುತ್ತದೆ, ಕಂಡುಹಿಡಿಯುವುದು ಹೇಗೆ

ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ. ಕೊಳೆಯುವುದು ಒಳಗಿನ ಮರ. ಏಣಿ, ದೋಣಿಯ ವಾಲು ಸರಿಪಡಿಸುವ ಟ್ರಿಮ್ ಟ್ಯಾಬ್ ಎಂಬ ತಗಡು, ನೀರಿನಾಳ ತೋರಿಸುವ ಸೆನ್ಸರ್ ಹೀಗೆ ಒಂದೊಂದನ್ನು ಕೂರಿಸಲು ವರ್ಷಗಟ್ಟಲೆ ಹಾಕಿದ ಸ್ಕ್ರೂ ತೂತುಗಳಲ್ಲಿ ಸೀಲಂಟ್ ಒಣಗಿ ನೀರು ಇಳಿಯುತ್ತದೆ. ತಳದಲ್ಲಿ ನೀರು ಬಸಿಯುವ ಡ್ರೇನ್ ತೂತಿನ ಅಂಚಿನಲ್ಲಿ ಪ್ಲೈವುಡ್ ಬರಿಮೈಯಾಗಿದ್ದರೆ ಅದೇ ಮೊದಲ ದ್ವಾರ. ಒಳಗೆ ಹೋದ ನೀರಿಗೆ ಹೊರಬರಲು ದಾರಿಯಿಲ್ಲ. ಒದ್ದೆ ಮರ, ಒಂದಿಷ್ಟು ಗಾಳಿ, ಬೆಚ್ಚಗಿನ ಹವೆ ಇದ್ದಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಉಪ್ಪುನೀರು ಲೋಹವನ್ನು ತಿನ್ನುತ್ತದೆ, ಆದರೆ ಮರ ಕೊಳೆಸುವುದರಲ್ಲಿ ಮಳೆನೀರು ಅದಕ್ಕಿಂತ ಮುಂದು. ಹಾಗಾಗಿ ಸಮುದ್ರದಲ್ಲಿ ಓಡಾಡಿದ ದೋಣಿಗಿಂತ, ಟಾರ್ಪಾಲು ಹರಿದು ಹಿತ್ತಿಲಲ್ಲಿ ಐದು ಮಳೆಗಾಲ ನೆನೆದ ದೋಣಿಯ ಮರ ಹೆಚ್ಚು ಕೆಟ್ಟಿರಬಹುದು. ಗೆದ್ದಲು ತಿಂದ ಬಾಗಿಲ ಚೌಕಟ್ಟು ಹೊರಗಿನಿಂದ ನುಣ್ಣಗೆ ಬಣ್ಣ ಹೊದ್ದು ನಿಂತಿರುವುದನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಪರೀಕ್ಷೆಗೆ ಬೇಕಾದ ಸಾಮಾನು ಕಡಿಮೆ. ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ ಟ್ರಾನ್ಸಮ್ ಮೇಲೆ ಎರಡೆರಡು ಅಂಗುಲಕ್ಕೊಂದು ಏಟು ಹಾಕುತ್ತ ಹೋಗಿ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗಿಣ್ಣಿನಿಂದ ತಟ್ಟಿ ಕೇಳುವ ಹಾಗೆ ಕೇಳಿ. ಗಟ್ಟಿ ಜಾಗ ‘ಟಕ್’ ಎಂದು ಮರುದನಿ ಕೊಡುತ್ತದೆ, ಸುತ್ತಿಗೆ ಪುಟಿಯುತ್ತದೆ. ಕೊಳೆತಲ್ಲಿ ‘ದಬ್’ ಎಂಬ ಸತ್ತ ಸದ್ದು. ಸದ್ದು ಬದಲಾದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಗುರುತುಗಳು ಸೇರಿ ಕಿಂಡಿಯ ಕೆಳಗಿನ ಮೂಲೆಗಳಿಂದ ಡ್ರೇನ್ ತೂತಿನವರೆಗೆ ಒಂದು ನಕ್ಷೆಯಾದರೆ, ನೀರು ಹರಿದ ದಾರಿಯೇ ಅದು.

ಆಮೇಲೆ ಒಬ್ಬರು ಡ್ರೈವ್‌ನ ತುದಿ ಹಿಡಿದು ಮೇಲೆ ಕೆಳಗೆ ಕುಲುಕಲಿ, ಇನ್ನೊಬ್ಬರು ಡ್ರೈವ್ ಕೂತ ಅಲ್ಯೂಮಿನಿಯಂ ಚೌಕಟ್ಟಿನ ಅಂಚನ್ನು ನೋಡಲಿ. ಚೌಕಟ್ಟಿನ ಸುತ್ತ ಫೈಬರ್ ಉಸಿರಾಡಿದಂತೆ ಒಳಹೊರಗೆ ಆಡಿದರೆ, ಅಂಚಿನಿಂದ ಕಂದು ನೀರು ಜಿನುಗಿದರೆ ಅಲ್ಲಿಗೆ ಉತ್ತರ ಸಿಕ್ಕಿತು.

ಸ್ಟ್ರಿಂಗರ್‌ಗೆ ಇನ್ನೂ ಸುಲಭದ ಪರೀಕ್ಷೆಯಿದೆ. ಎಂಜಿನ್ನಿನ ಮುಂದಿನ ಪಾದಗಳನ್ನು ಮರಕ್ಕೆ ಹಿಡಿದಿರುವ ದೊಡ್ಡ ಸ್ಕ್ರೂ ಬೋಲ್ಟ್‌ಗೆ ಪಾನಾ ಹಾಕಿ ಸ್ವಲ್ಪವೇ ಬಿಗಿ ಮಾಡಿ. ಗಟ್ಟಿ ಮರವಾದರೆ ಪಾನಾ ನಿಲ್ಲುತ್ತದೆ. ಬೋಲ್ಟ್ ಸುಮ್ಮನೆ ತಿರುಗುತ್ತಲೇ ಹೋದರೆ ಒಳಗೆ ಮರವಿಲ್ಲ, ನೆನೆದ ಹಿಂಡಿಯಿದೆ.

ಮಾರುವವರು ಒಪ್ಪಿದರೆ ಕೊನೆಯ ಮಾತು ಡ್ರಿಲ್ ಹೇಳುತ್ತದೆ. 1/8 ಅಂಗುಲದ ಬಿಟ್ ಮೇಲೆ ಒಂದು ಅಂಗುಲದ ಗುರುತಿಗೆ ಟೇಪ್ ಸುತ್ತಿ, ದೋಣಿಯ ಒಳಗಿನಿಂದ, ಕಿಂಡಿಯ ಕೆಳಭಾಗದಲ್ಲಿ ಮೂರು ನಾಲ್ಕು ಕಡೆ ಕೊರೆಯಿರಿ. ಹೊರಪದರ ದಾಟಬಾರದು. ಬಿಟ್ ಜೊತೆ ಹೊರಬರುವ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿ. ತೆಳು ಹಳದಿಯ, ಸುರುಳಿಯಾದ, ಒಣ ಹೊಟ್ಟು ಬಂದರೆ ಒಳ್ಳೆಯ ಮರ. ಕಾಫಿ ಚರಟದಂತೆ ಕಪ್ಪಾಗಿ, ಬೆರಳಿಗೆ ಅಂಟಿ, ಹುಳಿ ನಾತ ಹೊಡೆದರೆ ಆ ಗೋಡೆಯನ್ನು ಪೂರ್ತಿ ತೆಗೆದು ಕಟ್ಟಬೇಕು. ಸಣ್ಣ ತೂತು ಕೊರೆದು ರೆಸಿನ್ ಸುರಿದು ಗಟ್ಟಿ ಮಾಡಿಬಿಡಬಹುದು ಎನ್ನುವವರ ಮಾತು ನಂಬಬೇಡಿ. ನೆನೆದ ಮರಕ್ಕೆ ರೆಸಿನ್ ಇಳಿಯುವುದೂ ಇಲ್ಲ, ಹಿಡಿಯುವುದೂ ಇಲ್ಲ. ನೋಡಿ ಮುಗಿದ ಮೇಲೆ ತೂತುಗಳನ್ನು ಎಪಾಕ್ಸಿಯಿಂದ ಮುಚ್ಚಲು ಮರೆಯಬಾರದು.

ತಳ ನೇರವಾಗಿದೆಯೇ ಎಂಬುದನ್ನೂ ಇದೇ ಹೊತ್ತಿನಲ್ಲಿ ನೋಡಿಬಿಡಿ. ಆರಡಿಯ ನೇರ ಪಟ್ಟಿಯನ್ನು ಹಿಂಬದಿಯಿಂದ ಮುಂದಕ್ಕೆ ತಳಕ್ಕೆ ಒತ್ತಿ ಹಿಡಿಯಿರಿ. ನಡುವೆ ಸಂದು ಕಂಡರೆ ತಳ ಒಳಕ್ಕೆ ಬಾಗಿದೆ. ಅಂಥ ದೋಣಿ ಓಡುವಾಗ ಮೂತಿ ಕೆಳಗಿಡುತ್ತದೆ, ವೇಗ ಬರುವುದಿಲ್ಲ. ನಡುಭಾಗ ಉಬ್ಬಿದ್ದರೆ ಮೂತಿ ಕುದುರೆಯಂತೆ ಕುಣಿಯುತ್ತದೆ. ಟ್ರೇಲರಿನ ಆಧಾರ ಹಲಗೆಗಳು ಸರಿಯಾದ ಜಾಗದಲ್ಲಿ ಇಲ್ಲದೆ ವರ್ಷಗಟ್ಟಲೆ ಭಾರ ಬಿದ್ದದ್ದೇ ಹೆಚ್ಚಾಗಿ ಇದಕ್ಕೆ ಕಾರಣ.

ಎಂಜಿನ್: ಸದಾ ಘಾಟಿ ಹತ್ತುವ ಲಾರಿ

ಈ ದೋಣಿಗಳಲ್ಲಿರುವುದು ಕಾರು, ಟ್ರಕ್ಕುಗಳಲ್ಲಿದ್ದ ಜನರಲ್ ಮೋಟಾರ್ಸ್ ವಿ-8 ಬ್ಲಾಕುಗಳೇ. 5.7 ಲೀಟರಿನದು ಚಿಕ್ಕದು. 7.4 ಲೀಟರಿನ 454, 8.2 ಲೀಟರಿನ 502 ದೊಡ್ಡವು (ಈ ಹೆಸರುಗಳು ಘನ ಅಂಗುಲದ ಅಳತೆ). 502ರ ಫ್ಯುಯಲ್ ಇಂಜೆಕ್ಷನ್ ಮಾದರಿಗೆ ಕಂಪನಿ ಕೊಟ್ಟ ಅಂಕಿ 415 ಅಶ್ವಶಕ್ತಿ. ಕಾರು ಸಮತಟ್ಟು ರಸ್ತೆಯಲ್ಲಿ ಓಡುವಾಗ ಎಂಜಿನ್ನಿನ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ದೋಣಿಯ ಎಂಜಿನ್ನಿಗೆ ಸಮತಟ್ಟು ಎಂಬುದಿಲ್ಲ, ಚಾರ್ಮಾಡಿ ಘಾಟಿಯನ್ನು ದಿನವಿಡೀ ಹತ್ತುತ್ತಿರುವ ತುಂಬು ಲಾರಿಯ ಪಾಡು ಅದರದು. ಹೀಗಾಗಿ ಎಂಜಿನ್ ಓಡಿದ ಗಂಟೆಗಳ ಲೆಕ್ಕ ಕಡಿಮೆ ಕಂಡಾಕ್ಷಣ ಎಂಜಿನ್ ಹೊಸದೆಂದುಕೊಳ್ಳಬೇಡಿ.

ಮೊದಲು ಎಣ್ಣೆಯ ಕಡ್ಡಿ ಎಳೆದು ನೋಡಿ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕಿದ್ದರೆ ನೀರು ಸೇರಿದೆ. ಆಮೇಲೆ ಕಂಪ್ರೆಷನ್ ಪರೀಕ್ಷೆ: ಎಂಟೂ ಸ್ಪಾರ್ಕ್ ಪ್ಲಗ್ ತೆಗೆದು, ಇಗ್ನಿಷನ್ ಕಿಡಿ ಬಂದ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಒಂದೊಂದೇ ಸಿಲಿಂಡರಿಗೆ ಗೇಜ್ ಹಾಕಿ ಸ್ಟಾರ್ಟರ್ ತಿರುಗಿಸುವುದು. ಒಳ್ಳೆಯ ಸ್ಥಿತಿಯ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 140ರಿಂದ 180 ಪಿಎಸ್ಐ ಬರುತ್ತದೆ. ಅಂಕಿ ಎಷ್ಟಿದೆ ಎಂಬುದಕ್ಕಿಂತ ಎಂಟೂ ಹತ್ತಿರ ಹತ್ತಿರ ಇವೆಯೇ ಎಂಬುದು ಮುಖ್ಯ. 10ರಿಂದ 15 ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ತೀರಾ ಕೆಳಗಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು.

ಕಾರಿನಲ್ಲಿಲ್ಲದ ಎರಡು ಅಪಾಯ ಇಲ್ಲಿವೆ. ಒಂದು, ಹಿಮ. ಉತ್ತರದ ರಾಜ್ಯಗಳಲ್ಲಿ ಚಳಿಗೆ ಮುನ್ನ ಬ್ಲಾಕಿನ ನೀರು ಬಸಿಯದೆ ಬಿಟ್ಟರೆ ಅದು ಹೆಪ್ಪುಗಟ್ಟಿ ಸುಮಾರು 9 ಶೇಕಡಾ ಹಿಗ್ಗುತ್ತದೆ, ಎರಕದ ಕಬ್ಬಿಣ ಬಿರಿಯುತ್ತದೆ. ಬ್ಲಾಕಿನ ಎರಡೂ ಪಕ್ಕೆಗಳನ್ನು ಟಾರ್ಚ್ ಹಿಡಿದು ನೋಡಿ. ಉದ್ದಕ್ಕೆ ತುಕ್ಕಿನ ಗೆರೆ ಇಳಿದಿದ್ದರೆ, ಬಣ್ಣದಡಿ ಅಂಟು ಮೆತ್ತಿದ ಗುರುತಿದ್ದರೆ ಬಿಟ್ಟುಬಿಡಿ. ಎರಡು, ಹೊಗೆಕೊಳವೆ. ದೋಣಿಯಲ್ಲಿ ಬಿಸಿ ಹೊಗೆಯ ಸುತ್ತ ನೀರು ಹರಿಯುವ ಎರಡು ಪದರದ ಕಬ್ಬಿಣದ ಮ್ಯಾನಿಫೋಲ್ಡ್ ಮತ್ತು ಅದರ ಮೇಲೆ ರೈಸರ್ ಇರುತ್ತವೆ. ಒಳಗೋಡೆ ತುಕ್ಕು ತಿಂದು ತೂತಾದರೆ ನೀರು ಹೊಗೆಯ ದಾರಿಯಲ್ಲಿಯೇ ಹಿಂದಿರುಗಿ ಸಿಲಿಂಡರಿಗೆ ಇಳಿಯುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸ್ಟಾರ್ಟ್ ಮಾಡಿದ ಕ್ಷಣ ಪಿಸ್ಟನ್ನಿನ ಸಲಾಕೆ ಬಾಗುತ್ತದೆ. ಉಪ್ಪುನೀರಿನಲ್ಲಿ ಇವುಗಳ ಆಯುಸ್ಸು ಸಾಮಾನ್ಯವಾಗಿ ಐದರಿಂದ ಏಳು ವರ್ಷ. ಬದಲಿಸಿದ ರಸೀದಿ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ.

ಹಳೆಯ ಟ್ರಕ್ಕಿನಿಂದ ಅದೇ ಬ್ಲಾಕ್ ತಂದು ಕೂರಿಸಿದರಾಯಿತಲ್ಲ ಎಂದು ಅನ್ನಿಸುವುದು ಸಹಜ. ಹಾಗಾಗದು. ದೋಣಿ ಎಂಜಿನ್ನಿನ ಕವಾಟಗಳನ್ನು ತೆರೆದು ಮುಚ್ಚುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಬೇರೆ. ಕಾರಿಗೆ ಹೊಂದುವ ಬಿರುಸಾದ ಕ್ಯಾಮ್ ಹಾಕಿದರೆ ಕಡಿಮೆ ವೇಗದಲ್ಲಿ ಹೊಗೆಯ ಜೊತೆ ನೀರನ್ನು ಹಿಂದಕ್ಕೆ ಹೀರುತ್ತದೆ. ಬ್ಲಾಕಿನ ಮುಚ್ಚಳದ ಬಿಲ್ಲೆಗಳು ಉಕ್ಕಿನವಲ್ಲ, ಹಿತ್ತಾಳೆಯವು. ಗ್ಯಾಸ್ಕೆಟ್ ಕೂಡ ತುಕ್ಕು ತಾಳುವಂಥದ್ದೇ ಬೇಕು.

ಡ್ರೈವ್: ರಬ್ಬರು ಹರಿದರೆ ದೋಣಿ ಮುಳುಗುತ್ತದೆ

ಮರ್ಕ್ರೂಸರ್‌ನಲ್ಲಿ ಸಾಮಾನ್ಯವಾಗಿ ಕಾಣುವವು ಆಲ್ಫಾ ಮತ್ತು ಬ್ರಾವೊ. ಆಲ್ಫಾ 5.7 ಲೀಟರಿನ ಮಟ್ಟಕ್ಕೆ ಸಾಕು. ದೊಡ್ಡ ಬ್ಲಾಕಿಗೆ ಬ್ರಾವೊ ಬೇಕು. ನೀರೆತ್ತುವ ಪಂಪು ಆಲ್ಫಾದಲ್ಲಿ ಕಾಲಿನೊಳಗಿದೆ, ಬ್ರಾವೊದಲ್ಲಿ ಎಂಜಿನ್ ಮೇಲಿದೆ. ಎರಡರಲ್ಲೂ ರಬ್ಬರಿನ ಇಂಪೆಲ್ಲರ್ ಇದ್ದು, ನೀರಿಲ್ಲದೆ ಕೆಲವೇ ಸೆಕೆಂಡು ತಿರುಗಿದರೂ ಅದರ ರೆಕ್ಕೆ ಸುಟ್ಟು ಹರಿಯುತ್ತದೆ. ಹರಿದ ತುಣುಕುಗಳು ಮುಂದಿನ ಕೊಳವೆಯಲ್ಲಿ ಸಿಕ್ಕಿ ಎಂಜಿನ್ ಮಿತಿಮೀರಿ ಬಿಸಿಯಾಗುತ್ತದೆ. ಕೊಂಡ ತಕ್ಷಣ ಹೊಸದು ಹಾಕಿ, ಹಳೆಯದರ ರೆಕ್ಕೆ ಎಣಿಸಿ. ಒಂದು ಕಡಿಮೆಯಿದ್ದರೆ ಆ ತುಣುಕು ಎಲ್ಲಿದೆಯೋ ಹುಡುಕಿ ತೆಗೆಯಲೇಬೇಕು.

ಡ್ರೈವ್ ಮತ್ತು ಟ್ರಾನ್ಸಮ್ ನಡುವೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರಿನ ಬೆಲ್ಲೋಸ್ ಇರುತ್ತವೆ. ಸರೋವರಕ್ಕೂ ನಿಮ್ಮ ಎಂಜಿನ್ ಕೋಣೆಗೂ ನಡುವೆ ಇರುವುದು ಇಷ್ಟೇ ರಬ್ಬರು. ಡ್ರೈವ್ ಅನ್ನು ಪೂರ್ತಿ ಮೇಲೆತ್ತಿ, ಒಂದು ಬದಿಗೆ ತಿರುಗಿಸಿ, ಮಡಿಕೆಗಳನ್ನು ಬೆರಳಿಂದ ಬಿಡಿಸಿ ಬಿರುಕು ನೋಡಿ. ಹರಿದರೆ ಮೊದಲು ಒಳಗೆ ಡ್ರೈವ್‌ನ ದಂಡವನ್ನು ಹೊತ್ತ ಗಿಂಬಲ್ ಬೇರಿಂಗ್ ತುಕ್ಕು ಹಿಡಿದು ತಿರುವಿನಲ್ಲಿ ಗುರುಗುಟ್ಟುತ್ತದೆ, ಆಮೇಲೆ ಕಟ್ಟಿಹಾಕಿದ ಜಾಗದಲ್ಲಿಯೇ ದೋಣಿ ಮುಳುಗಬಹುದು. ಡ್ರೈವ್‌ನ ಕೆಳಗಿನ ಸ್ಕ್ರೂ ಸಡಿಲಿಸಿ ಒಂದು ಚಮಚ ಗಿಯರ್ ಎಣ್ಣೆ ತೆಗೆದು ನೋಡಿ. ಹಾಲಿನಂತಿದ್ದರೆ ಸೀಲ್ ಹೋಗಿದೆ. ಸ್ಕ್ರೂನ ಅಯಸ್ಕಾಂತಕ್ಕೆ ಮೆತ್ತಿದ ನುಣ್ಣನೆ ಮಸಿ ಸಾಮಾನ್ಯ. ಕೈಗೆ ಚುಚ್ಚುವ ಉಕ್ಕಿನ ಚೂರು ಕಂಡರೆ ಗಿಯರ್ ಮುರಿಯುತ್ತಿದೆ.

ಕಾಗದಪತ್ರ ಮತ್ತು ನೀರಿನ ಮೇಲಿನ ಪರೀಕ್ಷೆ

ಅಮೆರಿಕದಲ್ಲಿ 1972ರ ನವೆಂಬರಿನಿಂದ ತಯಾರಾದ ಪ್ರತಿ ದೋಣಿಗೆ 12 ಅಕ್ಷರ-ಅಂಕಿಗಳ ಗುರುತಿದೆ. ಟ್ರಾನ್ಸಮ್‌ನ ಬಲ ಮೇಲ್ಮೂಲೆಯಲ್ಲಿ ಅದನ್ನು ನೋಡಬಹುದು. 1984ರ ಆಗಸ್ಟಿನ ನಂತರದ ಪದ್ಧತಿಯಲ್ಲಿ ಕೊನೆಯ ನಾಲ್ಕು ಮುಖ್ಯ. ‘ಕೆ889’ ಎಂದಿದ್ದರೆ, ಕೆ ಹನ್ನೊಂದನೇ ಇಂಗ್ಲಿಷ್ ಅಕ್ಷರವಾದ್ದರಿಂದ ತಿಂಗಳು ನವೆಂಬರ್, ವರ್ಷ 1988, ಮಾದರಿ 1989. ಈ ಸಂಖ್ಯೆ ಮಾಲೀಕತ್ವದ ಪತ್ರದೊಂದಿಗೆ ಅಕ್ಷರಕ್ಕಕ್ಷರ ಹೊಂದಬೇಕು. ಟ್ರೇಲರಿನ ಕಾಗದ ಬೇರೆಯೇ ಇರುತ್ತದೆ, ಅದನ್ನೂ ಕೇಳಿ. ಸಾಲ ಬಾಕಿ ಇದೆಯೇ ಎಂಬುದನ್ನು ರಾಜ್ಯದ ಕಚೇರಿಯಲ್ಲಿ ವಿಚಾರಿಸದೆ ಮುಂಗಡ ಕೊಡಬೇಡಿ. ಹಳೆಯ ವೇಗದ ದೋಣಿಗೆ ವಿಮೆ ಕೊಡುವವರು ಕಡಿಮೆ, ಹಲವರು ತಜ್ಞರ ವರದಿ ಕೇಳುತ್ತಾರೆ. ಹೀಗಾಗಿ ಕೊಳ್ಳುವ ಮುನ್ನವೇ ವಿಮೆ ವಿಚಾರಿಸಿಕೊಳ್ಳಿ. ಸ್ಯಾಮ್ಸ್ ಅಥವಾ ನ್ಯಾಮ್ಸ್ ಎಂಬ ದೋಣಿ ಪರೀಕ್ಷಕರ ಸಂಸ್ಥೆಯ ಸದಸ್ಯರಾದ ಸರ್ವೇಯರ್ ಒಬ್ಬರನ್ನು ನೀವೇ ಗೊತ್ತುಮಾಡಿ, ಮಾರುವವರು ಸೂಚಿಸಿದವರನ್ನಲ್ಲ.

ನೀರಿಗಿಳಿಸುವ ದಿನ ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿ. ಬಿಸಿ ಎಂಜಿನ್ ತನ್ನ ಸ್ಟಾರ್ಟಿಂಗ್ ತೊಂದರೆ ಮುಚ್ಚಿಡುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಕಂಪನಿ ಹೇಳಿದ ಆರ್‌ಪಿಎಂ ಮುಟ್ಟುತ್ತದೆಯೇ, ಉಷ್ಣತೆ ಏರದೆ ನಿಲ್ಲುತ್ತದೆಯೇ, ಎಣ್ಣೆಯ ಒತ್ತಡ ಬಿಸಿಯಾದ ಮೇಲೂ ಉಳಿಯುತ್ತದೆಯೇ ನೋಡಿ. ದಡಕ್ಕೆ ಬಂದ ಮೇಲೆ ಎಂಜಿನ್ ಮುಚ್ಚಳ ತೆರೆದು ತಳದಲ್ಲಿ ಎಷ್ಟು ನೀರು ಸೇರಿದೆ ನೋಡದೆ ಹೊರಡಬೇಡಿ.

ಕೆಲಸದ ಕ್ರಮ: ಟ್ರಾನ್ಸಮ್ ಕಟ್ಟುವುದು

ಹೊಳಪು ಕೊನೆಗೆ. ಮೊದಲು ಮರ, ಆಮೇಲೆ ಇಂಧನ, ನೀರು ಮತ್ತು ಹೊಗೆ, ಡ್ರೈವ್, ಸ್ಟೀರಿಂಗ್, ವೈರು. ಸೀಟು ಹೊಲಿಸಿ ಬಣ್ಣ ಹೊಡೆದಾದ ಮೇಲೆ ಟ್ರಾನ್ಸಮ್ ಕೊಳೆತದ್ದು ಗೊತ್ತಾದರೆ ಆ ಹಣವೆಲ್ಲ ಕಸಕ್ಕೆ ಹೋಗುತ್ತದೆ.

ಏನನ್ನೂ ಕೊಯ್ಯುವ ಮುನ್ನ ಒಡಲು ತನ್ನ ಆಕಾರದಲ್ಲಿ ಕೂತಿರಬೇಕು. ಟ್ರೇಲರಿನ ಹಲಗೆಗಳು ಟ್ರಾನ್ಸಮ್‌ನ ಅಂಚಿನವರೆಗೂ ಬಂದಿರಲಿ, ತಳದ ವಿ ಆಕಾರಕ್ಕೆ ಕೊಯ್ದ ಮರದ ಆಧಾರಗಳನ್ನು ಕೊಡಿ. ಮರ ತೆಗೆದ ಒಡಲು ಒದ್ದೆ ರಟ್ಟಿನ ಹಾಗೆ. ವಾಲಿದ ಸ್ಥಿತಿಯಲ್ಲಿ ಹೊಸ ಮರ ಅಂಟಿಸಿದರೆ ಆ ವಾಲು ಶಾಶ್ವತ. ಎಂಜಿನ್ ತೆಗೆಯುವ ಮುನ್ನ ಕಿಂಡಿಯ ಅಳತೆ, ತಳದಿಂದ ಅದರ ಎತ್ತರ, ಎಂಜಿನ್ ಪಾದಗಳ ಎತ್ತರ ಎಲ್ಲವನ್ನೂ ಬರೆದು, ರಟ್ಟಿನಲ್ಲಿ ಅಚ್ಚು ತೆಗೆದಿಡಿ.

ಹೊರಪದರ ಚೆನ್ನಾಗಿದ್ದರೆ ಅದನ್ನು ಉಳಿಸಿ ಒಳಗಿನಿಂದ ಕೆಲಸ ಮಾಡುವುದು ಲೇಸು. ಒಳಪದರವನ್ನು ಅಂಚಿನಿಂದ ಎರಡು ಮೂರು ಅಂಗುಲ ಬಿಟ್ಟು ಕೊಯ್ದು ತೆಗೆಯಿರಿ. ಕೊಳೆತ ಮರ ಕೈಯಲ್ಲೇ ಉದುರುತ್ತದೆ, ಉಳಿದದ್ದಕ್ಕೆ ಉಳಿ ಬೇಕು, ಕೊನೆಯ ಪದರಕ್ಕೆ ಗ್ರೈಂಡರ್. ಗಾಜಿನ ನಾರಿನ ದೂಳು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಬಟ್ಟೆಯ ಮಾಸ್ಕ್ ಸಾಲದು, ಸೂಕ್ಷ್ಮ ದೂಳನ್ನೂ ರಾಸಾಯನಿಕ ಆವಿಯನ್ನೂ ತಡೆಯುವ ಫಿಲ್ಟರಿನ ರಬ್ಬರು ಮುಖವಾಡವೇ ಬೇಕು.

7 ಅಡಿ ಅಗಲ, ಸುಮಾರು 3 ಅಡಿ ಎತ್ತರದ ಗೋಡೆಗೆ 3/4 ಅಂಗುಲದ ಮರೈನ್ ಪ್ಲೈವುಡ್ ಎರಡು ಪದರವಾದರೆ ಎರಡು ಹಾಳೆ ಸಾಕು. ಬಿಎಸ್ 1088 ಗುರುತಿನದು ಒಳ್ಳೆಯದು. ಮನೆಗೆಲಸದ ಪ್ಲೈವುಡ್‌ನ ಒಳಪದರಗಳಲ್ಲಿ ಟೊಳ್ಳು ಇರುತ್ತದೆ. ಮತ್ತೆಂದೂ ಮರ ಬೇಡವೆನ್ನುವವರು ಗಾಜಿನ ನಾರು ಬೆರೆಸಿದ ಗಟ್ಟಿ ಫೋಮ್ ಹಲಗೆ ಹಾಕುತ್ತಾರೆ, ಅದು ದುಬಾರಿ. ಯಾವುದೇ ಆಗಲಿ, ಎಲ್ಲ ಪದರ ಸೇರಿ ಮುಗಿದ ದಪ್ಪ ಮರ್ಕ್ರೂಸರ್ ಹೇಳುವ 2ರಿಂದ 2¼ ಅಂಗುಲದೊಳಗೆ ಇರಬೇಕು. ಡ್ರೈವ್ ಕೂರುವ ಜಾಗದಲ್ಲಿ ಒಳ ಮೈ ಹೊರ ಮೈ ಸಮಾನಾಂತರವಾಗಿರಬೇಕು, 1/8 ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸ ಬರಬಾರದು.

ದೋಣಿ ಕಟ್ಟಿದ್ದು ಪಾಲಿಯೆಸ್ಟರ್ ರೆಸಿನ್‌ನಿಂದ. ಹಳೆಯ ಮೈಗೆ ಹೊಸದು ಅಂಟಿಸುವಾಗ ಎಪಾಕ್ಸಿ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಎಪಾಕ್ಸಿಯಲ್ಲಿ ಗಟ್ಟಿಕಾರಕದ ಪ್ರಮಾಣ ಡಬ್ಬದ ಮೇಲೆ ಬರೆದಷ್ಟೇ. ಬೇಗ ಗಟ್ಟಿಯಾಗಲಿ ಎಂದು ಹೆಚ್ಚು ಹಾಕಿದರೆ ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿ ಉಳಿಯುತ್ತದೆ. ಕಲಸಿದ್ದನ್ನು ಆಳದ ಪಾತ್ರೆಯಲ್ಲಿ ಬಿಟ್ಟರೆ ಕಾವು ಒಳಗೇ ಸೇರಿ ಹೊಗೆಯಾಡುತ್ತದೆ. ಅಗಲ ತಟ್ಟೆಗೆ ಸುರಿದುಕೊಳ್ಳಿ. ಮೊದಲು ಪ್ಲೈವುಡ್‌ನ ಅಂಚುಗಳಿಗೆ ತೆಳು ಎಪಾಕ್ಸಿ ಕುಡಿಸಿ, ಆಮೇಲೆ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಸಿಲಿಕಾ ಪುಡಿ ಬೆರೆಸಿದ ಎಪಾಕ್ಸಿಯನ್ನು ಹಲ್ಲಿನ ಕರಣೆಯಿಂದ ಹೊರಪದರಕ್ಕೆ ಬಳಿದು ಹಲಗೆ ಒತ್ತಿ. ಒಣಗುವವರೆಗೆ ಹಲಗೆಯನ್ನು ಒತ್ತಿಹಿಡಿಯುವ ಬೋಲ್ಟ್‌ಗಳಿಗೆ ಮೇಣ ಹಚ್ಚಿರಲಿ, ಇಲ್ಲದಿದ್ದರೆ ಅವೂ ಅಂಟಿಕೊಳ್ಳುತ್ತವೆ. ಸುತ್ತಲೂ ಅಂಚಿನಿಂದ ಎಪಾಕ್ಸಿ ಜಿನುಗಬೇಕು. ಜಿನುಗದ ಜಾಗದಲ್ಲಿ ಒಳಗೆ ಗಾಳಿ ಉಳಿದಿದೆ.

ಒಣಗಿದ ಮೇಲೆ ಗೋಡೆ ಮತ್ತು ತಳ ಸೇರುವ ಮೂಲೆಯನ್ನು ಅದೇ ಕಣಕದಿಂದ ಗುಂಡಗೆ ತುಂಬಿ. ಗಾಜಿನ ಬಟ್ಟೆ ಚೂಪು ಮೂಲೆಗೆ ಮಡಿಯುವುದಿಲ್ಲ, ಅಡಿಯಲ್ಲಿ ಗಾಳಿಗುಳ್ಳೆ ಉಳಿಯುತ್ತದೆ. ಮೇಲೆ 1708 ಎಂದು ಕರೆಯುವ ಹೊಲಿದ ದಪ್ಪ ಬಟ್ಟೆ ಮೂರು ಪದರ, ಒಂದೊಂದೂ ಹಿಂದಿನದಕ್ಕಿಂತ ಎರಡು ಅಂಗುಲ ಆಚೆಗೆ ಚಾಚಿರಲಿ. ಚದರ ಮೀಟರಿಗೆ ಸುಮಾರು 850 ಗ್ರಾಂ ತೂಗುವ ಈ ಬಟ್ಟೆಗೆ ಕೈಕೆಲಸದಲ್ಲಿ ಅಷ್ಟೇ ತೂಕದ ರೆಸಿನ್ ಬೇಕು. ಎರಡು ಚದರ ಮೀಟರಿನ ಗೋಡೆಗೆ ಮೂರು ಪದರವಾದರೆ ಐದು ಕಿಲೋ ಬಟ್ಟೆ, ಐದು ಕಿಲೋ ರೆಸಿನ್. ಅಂಟಿಗೆ, ಮೂಲೆಗೆ ಬೇಕಾದದ್ದು ಇದರ ಮೇಲೆ. ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಪೊರೆ ಬರಬಹುದು. ಉಜ್ಜುವ ಮುನ್ನ ಬರೀ ನೀರಿನಿಂದ ತೊಳೆಯಿರಿ. ತೊಳೆಯದೆ ಉಜ್ಜಿದರೆ ಆ ಪೊರೆಯನ್ನೇ ಮೈಗೆಲ್ಲ ಸವರಿದಂತಾಗಿ ಮುಂದಿನ ಪದರ ಹಿಡಿಯುವುದಿಲ್ಲ.

ಕೊನೆಗೆ ಕಿಂಡಿ ಕೊಯ್ದು, ಅದರ ಅಂಚಿನ ಬರಿ ಮರಕ್ಕೂ ಪ್ರತಿ ಬೋಲ್ಟ್ ತೂತಿಗೂ ಎಪಾಕ್ಸಿ ಕುಡಿಸಬೇಕು. ಹಿಂದೆ ಕಾರ್ಖಾನೆಯಲ್ಲಿ ಈ ಒಂದು ಕೆಲಸ ಬಿಟ್ಟುಹೋಗಿದ್ದರಿಂದಲೇ ಎಷ್ಟೋ ಟ್ರಾನ್ಸಮ್‌ಗಳು ಕೊಳೆತಿವೆ.

ಪೆಟ್ರೋಲಿನ ಆವಿ

ಕಾರಿನಲ್ಲಿ ಪೆಟ್ರೋಲ್ ಸೋರಿದರೆ ಆವಿ ರಸ್ತೆಗೆ ಇಳಿದು ಹೋಗುತ್ತದೆ. ಅದು ಗಾಳಿಗಿಂತ ಭಾರ. ದೋಣಿಯಲ್ಲಿ ತಳದ ಗುಂಡಿಗೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ಒಂದು ಕಿಡಿ ಸಾಕು. ಆದ್ದರಿಂದ ದೋಣಿಯ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್ ಎಲ್ಲವೂ ಕಿಡಿ ಹೊರಬಾರದಂತೆ ಮುಚ್ಚಿದವು. ಅಗ್ಗವೆಂದು ಕಾರಿನ ಭಾಗ ಹಾಕಿದ ದೋಣಿಗಳು ಬೇಕಾದಷ್ಟು ಸಿಗುತ್ತವೆ. ಭಾಗದ ಮೇಲೆ ‘ಜೆ1171’ ಗುರುತು ಇಲ್ಲದಿದ್ದರೆ ತೆಗೆದುಹಾಕಿ. ಇಂಧನದ ಕೊಳವೆಗಳನ್ನೆಲ್ಲ ‘ಎ1-15’ ಗುರುತಿನ ಹೊಸ ಕೊಳವೆಗೆ ಬದಲಿಸಿ. ಫೋಮ್ ನಡುವೆ ಹೂತ ಅಲ್ಯೂಮಿನಿಯಂ ಟ್ಯಾಂಕಿನ ತಳವನ್ನು ಒದ್ದೆ ಫೋಮ್ ವರ್ಷಗಟ್ಟಲೆ ತಿಂದಿರುತ್ತದೆ. ಮರದ ಕೆಲಸಕ್ಕೆಂದು ನೆಲ ತೆರೆದಿದ್ದರೆ ಟ್ಯಾಂಕನ್ನು ಹೊರಗೆಳೆದು ನೋಡುವುದು ಬುದ್ಧಿವಂತಿಕೆ.

ಸ್ಟಾರ್ಟ್ ಮಾಡುವ ಮುನ್ನ ಆವಿಯನ್ನು ಹೊರದೂಡುವ ಬ್ಲೋವರ್ ಫ್ಯಾನ್ ಕನಿಷ್ಠ ನಾಲ್ಕು ನಿಮಿಷ ಓಡಬೇಕು, ಆಮೇಲೆ ಮುಚ್ಚಳ ತೆರೆದು ಮೂಗಿನಿಂದಲೂ ನೋಡಬೇಕು. ಚಾಲಕರು ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗದ ಸ್ವಿಚ್ ಇರುವ 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ, ವೇಗವಾಗಿ ಓಡುವಾಗ ಅದನ್ನು ಮೈಗೆ ಸಿಕ್ಕಿಸಿಕೊಳ್ಳುವುದು 2021ರ ಏಪ್ರಿಲ್ 1ರಿಂದ ಅಮೆರಿಕದ ಫೆಡರಲ್ ಕಾನೂನು. ನಿಮ್ಮ ಹಳೇ ದೋಣಿಯಲ್ಲಿ ಸ್ವಿಚ್ಚೇ ಇಲ್ಲದಿದ್ದರೆ ಕಾನೂನು ಕೇಳದಿದ್ದರೂ ಹಾಕಿಸಿ. ಚಾಲಕರಿಲ್ಲದ ದೋಣಿ ಸುತ್ತುಹಾಕಿ ಬಿದ್ದವರ ಮೇಲೆಯೇ ಬರುತ್ತದೆ.

ಪ್ರೊಪೆಲರಿನ ಲೆಕ್ಕ, ಸ್ಟೀರಿಂಗಿನ ಸಡಿಲ

ಮರಕ್ಕೆ ಸ್ಕ್ರೂ ತಿರುಪಿದಾಗ ಒಂದು ಸುತ್ತಿನಲ್ಲಿ ಅದು ಎಷ್ಟು ಒಳಗೆ ಹೋಗುತ್ತದೋ ಅದೇ ರೀತಿ, ಪ್ರೊಪೆಲರ್ ಒಂದು ಸುತ್ತಿನಲ್ಲಿ ಎಷ್ಟು ಅಂಗುಲ ಮುಂದೆ ಸಾಗಬೇಕೋ ಅದು ಪಿಚ್. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಗಿಯರ್ ಅನುಪಾತದಿಂದಲೂ 1056ರಿಂದಲೂ ಭಾಗಿಸಿದರೆ ಗಂಟೆಗೆ ಎಷ್ಟು ಮೈಲಿ ಎಂಬುದು ಸಿಗುತ್ತದೆ. 4800 ಆರ್‌ಪಿಎಂ, 23 ಪಿಚ್, 1.5 ಅನುಪಾತಕ್ಕೆ ಸುಮಾರು 70 ಮೈಲಿ. ನೀರು ಮರದಷ್ಟು ಗಟ್ಟಿಯಲ್ಲ, 12 ಶೇಕಡಾ ಜಾರಿದರೆ ನಿಜವಾದ ವೇಗ 61 ಮೈಲಿ. ಪಿಚ್ ಒಂದು ಅಂಗುಲ ಕಡಿಮೆ ಮಾಡಿದರೆ ಆರ್‌ಪಿಎಂ 150ರಿಂದ 200 ಏರುತ್ತದೆ. ಮಿತಿ ಮುಟ್ಟದ ಎಂಜಿನ್ ಮೇಲಿನ ಗಿಯರಿನಲ್ಲಿ ಘಾಟಿ ಹತ್ತುವ ಬಸ್ಸಿನಂತೆ ಒಳಗೊಳಗೇ ಬೇಯುತ್ತದೆ. ಮಿತಿ ದಾಟುವುದೂ ಅಷ್ಟೇ ಕೆಡುಕು.

ಆಳ-ವಿ ದೋಣಿ ವೇಗ ಏರಿದಂತೆ ತಳದ ಕಿರಿದಾದ ಅಂಚಿನ ಮೇಲಷ್ಟೇ ನಿಲ್ಲುತ್ತದೆ. ಆಗ ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಲು ಶುರುಮಾಡಿ, ಪ್ರತಿ ತೂಗಿಗೂ ಹೆಚ್ಚು ವಾಲುತ್ತದೆ. ಸ್ಟೀರಿಂಗಿನಲ್ಲಿ ಸಡಿಲವಿದ್ದರೆ ಇದು ಬೇಗ ಬರುತ್ತದೆ. ಡ್ರೈವ್‌ನ ತುದಿಯನ್ನು ಕೈಯಲ್ಲಿ ಹಿಡಿದು ಎಡಬಲಕ್ಕೆ ಅಲ್ಲಾಡಿಸಿ, ಸ್ಟೀರಿಂಗ್ ಚಕ್ರ ಅಲುಗದೆ ಡ್ರೈವ್ ಮಾತ್ರ ಅಲುಗಿದರೆ, ಡ್ರೈವ್ ತಿರುಗಲು ಆಧಾರವಾದ ಗಿಂಬಲ್ ಉಂಗುರ ಸವೆದಿದೆ. ಅದನ್ನು ಸರಿಮಾಡದೆ ಪೂರ್ತಿ ವೇಗಕ್ಕೆ ಹೋಗಬಾರದು. ಓಡುವಾಗ ತೂಗಾಟ ಶುರುವಾದರೆ ಚಕ್ರವನ್ನು ಎದುರು ದಿಕ್ಕಿಗೆ ತಿರುಗಿಸುತ್ತ ಹೋರಾಡಬೇಡಿ. ಟ್ರಿಮ್ ತಗ್ಗಿಸಿ, ಥ್ರಾಟಲನ್ನು ನಿಧಾನವಾಗಿ ಇಳಿಸಿ.

ಮೊದಲ ದಿನ

ಎಂಜಿನ್ ಕೂರಿಸಿದ ಮೇಲೆ ಡ್ರೈವ್ ಹಾಕುವ ಮುನ್ನ ಅಲೈನ್‌ಮೆಂಟ್ ಸಲಾಕೆಗೆ ಗ್ರೀಸ್ ಹಚ್ಚಿ, ಗಿಂಬಲ್ ಬೇರಿಂಗ್ ಮೂಲಕ ಕಪ್ಲರಿಗೆ ತೂರಿಸಿ ನೋಡಿ. ಎರಡು ಬೆರಳ ಬಲಕ್ಕೆ ಜಾರಿ ಹೋಗಬೇಕು. ಹೊರತೆಗೆದಾಗ ಗ್ರೀಸ್ ಮೇಲೆ ಹಲ್ಲಿನ ಗುರುತು ಸುತ್ತಲೂ ಸಮವಾಗಿರಬೇಕು. ಒಂದೇ ಬದಿಗೆ ಒತ್ತಿದ್ದರೆ ಮುಂದಿನ ಪಾದಗಳ ನಟ್ಟನ್ನು ಏರಿಸಿ ಇಳಿಸಿ ಮತ್ತೆ ನೋಡಿ.

ಮೊದಲ ಸಲ ನೀರಿಗಿಳಿಸಿದಾಗ ಟ್ರೇಲರಿನ ಪಟ್ಟಿ ಬಿಚ್ಚಬೇಡಿ. ಡ್ರೈವ್ ಮುಳುಗಿದ ಸ್ಥಿತಿಯಲ್ಲಿ ಹತ್ತು ನಿಮಿಷ ಹಾಗೇ ನಿಲ್ಲಿಸಿ, ಒಳಗೆ ಬೆಲ್ಲೋಸ್ ಕಡೆಯಿಂದ, ಡ್ರೇನ್ ಕಡೆಯಿಂದ ನೀರು ಬರುತ್ತಿದೆಯೇ ಒಣ ಕಾಗದ ಒತ್ತಿ ನೋಡಿ. ಮೊದಲ ಗಂಟೆ ಒಂದೇ ವೇಗದಲ್ಲಿ ಓಡಿಸಬೇಡಿ, ಏರಿಸಿ ಇಳಿಸಿ. ದಡಕ್ಕೆ ಬಂದ ಮೇಲೆ ಟ್ರಾನ್ಸಮ್ ಬೋಲ್ಟ್‌ಗಳನ್ನು ಮತ್ತೊಮ್ಮೆ ಟಾರ್ಕ್ ಪಾನಾದಿಂದ ಬಿಗಿ ಮಾಡಿ. ಇಪ್ಪತ್ತು ಗಂಟೆ ಓಡಿದ ಮೇಲೆ ಗಿಯರ್ ಎಣ್ಣೆ ಬಸಿದು, ಬಿಳಿ ತಟ್ಟೆಯಲ್ಲಿ ಹಾಕಿ ಬೆಳಕಿಗೆ ಹಿಡಿದು ಬಣ್ಣ ನೋಡಿ.